ಕೆರೆಯಂಗಳದ ಗೊರವಗಳು: ಶರತ್ಕಾಲದ ವಲಸೆ ಮತ್ತು ವೀಕ್ಷಣೆ

ತೆಳುನೀರಿನಲ್ಲಿ, ಹಸಿ ಕೆಸರಿನ ಮೇಲೆ ನಡೆದಾಡುತ್ತ ಹುಳುಹುಪ್ಪಟೆ ಹೆಕ್ಕಿ ತಿನ್ನುವ ಉದ್ದಗಾಲಿನ ಹಕ್ಕಿಗಳನ್ನು ಕನ್ನಡದಲ್ಲಿ ಸ್ಥೂಲವಾಗಿ ಗೊರವಗಳು ಎನ್ನುವುದು ರೂಢಿ. ಪಕ್ಷಿಶಾಸ್ತ್ರದ ವರ್ಗೀಕರಣದಲ್ಲಿ ಇವು ಕ್ಯಾರಡ್ರಿಫಾರ್ಮೀಸ್ ಗಣಕ್ಕೆ ಸೇರುತ್ತವೆ. ಕಡಲಕ್ಕಿಗಳೂ ರೀವಗಳೂ ಅದೇ ಗಣದಲ್ಲಿವೆ. ಅವನ್ನು ಬಿಟ್ಟು, ದಡದಲ್ಲಿ ನಡೆದು ಮೇಯುವ ಕುಟುಂಬಗಳನ್ನಷ್ಟೇ ಇಲ್ಲಿ ಪರಿಗಣಿಸಿದೆ. ಪ್ರಪಂಚದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಸ್ಯಾಂಡ್‌ಪೈಪರ್, ಸ್ಟಿಂಟ್, ಗಾಡ್‌ವಿಟ್, ಉಲ್ಲಂಕಿ ಮೊದಲಾದವು ಒಂದು ಕುಟುಂಬ. ಪ್ಲೋವರ್ ಮತ್ತು ಟಿಟ್ಟಿಭಗಳದು ಇನ್ನೊಂದು. ಮೆಟ್ಟುಗಾಲು ಹಕ್ಕಿ ಮತ್ತು ಅವೊಸೆಟ್‌ಗಳದು ಮತ್ತೊಂದು. ಹಕ್ಕಿ ನೋಡುವವರ ಬಾಯಲ್ಲಿ ಇಂಗ್ಲಿಷ್ ಹೆಸರುಗಳೇ ಹೆಚ್ಚು ಬಳಕೆಯಲ್ಲಿರುವುದರಿಂದ ಇಲ್ಲಿಯೂ ಎರಡನ್ನೂ ಬೆರೆಸಿ ಬಳಸಲಾಗಿದೆ. ಲೇಖನದ ವ್ಯಾಪ್ತಿ ಕರ್ನಾಟಕದ ಬಯಲುಸೀಮೆಯ ಕೆರೆಗಳು. ಕಾಲ, ಆಗಸ್ಟ್‌ನಿಂದ ನವೆಂಬರ್ ತನಕ.

ಪತ್ರಿಕೆಗಳು ಇವನ್ನು ಚಳಿಗಾಲದ ಅತಿಥಿಗಳು ಎಂದು ಬರೆದು ಬರೆದು ಓದುಗರಿಗೆ ತಪ್ಪು ಅಂದಾಜು ಕೊಟ್ಟಿವೆ. ಡಿಸೆಂಬರ್‌ನ ಚಳಿಗೆ ಕಾಯುವ ಹಕ್ಕಿಗಳಲ್ಲ ಇವು. ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ಕಾಮನ್ ಸ್ಯಾಂಡ್‌ಪೈಪರ್‌ಗಳು ಜುಲೈ ಕೊನೆಗೆ, ಆಗಸ್ಟ್ ಮೊದಲಿಗೆ, ಅಂದರೆ ನಮ್ಮಲ್ಲಿ ಮುಂಗಾರು ಇನ್ನೂ ಸುರಿಯುತ್ತಿರುವಾಗಲೇ ಹಳ್ಳದ ಪಕ್ಕದಲ್ಲೋ ಹೊಂಡದ ಅಂಚಿನಲ್ಲೋ ಬಾಲ ಕುಣಿಸುತ್ತ ಕಾಣಿಸಿಕೊಳ್ಳುತ್ತವೆ. ಸೆಪ್ಟೆಂಬರ್‌ನಲ್ಲಿ ವುಡ್ ಸ್ಯಾಂಡ್‌ಪೈಪರ್, ಲಿಟ್ಲ್ ಸ್ಟಿಂಟ್, ಹಸಿರುಗಾಲಿನ ಗೊರವ ಸೇರಿಕೊಳ್ಳುತ್ತವೆ. ಕರಿಬಾಲದ ಹಿನ್ನೀರ ಗೊರವ, ಅಂದರೆ ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್, ಬರುವುದು ಸ್ವಲ್ಪ ತಡ. ಬಾತುಗಳು, ಪಟ್ಟೆತಲೆ ಹೆಬ್ಬಾತುಗಳು ಬಂದಿಳಿದು ಕ್ಯಾಮೆರಾ ಹಿಡಿದವರು ಕೆರೆಯತ್ತ ಹೊರಡುವ ಹೊತ್ತಿಗೆ ಗೊರವಗಳ ವಲಸೆಯ ಅತ್ಯಂತ ಕುತೂಹಲದ ಭಾಗ ಮುಗಿದಿರುತ್ತದೆ.

ವಲಸೆಯ ದಾರಿ ಮತ್ತು ಕ್ರಮ

ನಮ್ಮ ಕೆರೆಗಳಿಗೆ ಬರುವ ಗೊರವಗಳಲ್ಲಿ ಹೆಚ್ಚಿನವು ಮೊಟ್ಟೆಯಿಡುವುದು ರಷ್ಯಾದ ಉತ್ತರದ ತಂಡ್ರಾದಲ್ಲಿ, ಸೈಬೀರಿಯಾದ ಜೌಗು ಕಾಡುಗಳಲ್ಲಿ, ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ. ಆರ್ಕ್‌ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾದುಬರುವ ಈ ದಾರಿಗೆ ಮಧ್ಯ ಏಷ್ಯಾ ವಲಸೆ ಪಥ ಎಂದು ಹೆಸರು. ಪಥವೆಂದರೆ ಆಕಾಶದಲ್ಲಿ ಗೆರೆ ಎಳೆದ ರಸ್ತೆಯೇನಲ್ಲ. ನಡುನಡುವೆ ಇಳಿದು ಮೇಯಲು ಸಿಗುವ ಕೆರೆ, ಸರೋವರ, ನದೀದಡಗಳ ಸರಣಿ. ಆ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೆ ಮುಂದಿನ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡುವುದಿಲ್ಲ. ದೂರ ಹಾರುವ ಗೊರವಗಳು ಹೊರಡುವ ಮುನ್ನ ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳಬಲ್ಲವು. ಕೆಲವು ಪ್ರಭೇದಗಳಲ್ಲಿ ಪ್ರಯಾಣಕ್ಕೆ ಮುನ್ನ ಜಠರ, ಕರುಳುಗಳೇ ಕುಗ್ಗಿ ಹಾರಾಟದ ಸ್ನಾಯುಗಳು ಬೆಳೆಯುತ್ತವೆ. ಸಾಮಾನ್ಯವಾಗಿ ಹೊರಡುವುದು ಮುಸ್ಸಂಜೆಗೆ, ಹಾರಾಟ ಇರುಳಿನಲ್ಲಿ.

ಈ ಬಳಗದ ಸಾಮರ್ಥ್ಯ ಎಷ್ಟೆಂಬುದಕ್ಕೆ ಬೇರೊಂದು ಪಥದ ಉದಾಹರಣೆ ಸಾಕು. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಹೊರಟ ಬಾರ್-ಟೇಲ್ಡ್ ಗಾಡ್‌ವಿಟ್ ಒಂದು ನಡುವೆ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿ ಹನ್ನೊಂದು ದಿನಗಳಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ತಲುಪಿತು. ಉಪಗ್ರಹ ಟ್ಯಾಗ್ ಹೊತ್ತಿದ್ದ ಆ ಹಕ್ಕಿ ಅದೇ ಬೇಸಿಗೆಯಲ್ಲಿ ಮೊಟ್ಟೆಯೊಡೆದ ಮರಿ, ವಯಸ್ಸು ಐದು ತಿಂಗಳ ಆಸುಪಾಸು. ನಮ್ಮ ಕೆರೆಗಳಿಗೆ ಬರುವ ಲಿಟ್ಲ್ ಸ್ಟಿಂಟ್ ಇಷ್ಟು ದೂರ ಒಂದೇ ಉಸಿರಿಗೆ ಹಾರುವುದಿಲ್ಲ. ಆದರೆ ಅದು ಗುಬ್ಬಿಗಿಂತ ದೊಡ್ಡದೇನಲ್ಲದ, ಸಾಮಾನ್ಯವಾಗಿ 20ರಿಂದ 40 ಗ್ರಾಂ ತೂಗುವ ಹಕ್ಕಿ, ಬರುವುದು ಆರ್ಕ್‌ಟಿಕ್ ತಂಡ್ರಾದಿಂದ ಎಂಬುದನ್ನು ನೆನೆದರೆ ಕೋಲಾರದ ಕೆಸರಿನಲ್ಲಿ ಓಡಾಡುವ ಆ ಬೂದು ಚುಕ್ಕೆಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಶರತ್ಕಾಲದ ವೀಕ್ಷಣೆಗೆ ವಿಶೇಷ ರುಚಿ ಕೊಡುವುದು ಹಕ್ಕಿಗಳು ಬರುವ ಸರದಿ. ಬಹುಪಾಲು ಗೊರವಗಳಲ್ಲಿ ತಂದೆತಾಯಿ ಮೊದಲು ಹೊರಡುತ್ತವೆ, ಮರಿಗಳು ವಾರಗಟ್ಟಲೆ ತಡವಾಗಿ ಹೊರಡುತ್ತವೆ. ತಂಡ್ರಾದ ಬೇಸಿಗೆ ಚಿಕ್ಕದು. ಮರಿಗಳು ಮೊಟ್ಟೆಯಿಂದ ಹೊರಬಿದ್ದ ದಿನವೇ ನಡೆದು ತಮ್ಮ ಆಹಾರ ತಾವೇ ಹುಡುಕಿಕೊಳ್ಳುವುದರಿಂದ ದೊಡ್ಡವಕ್ಕೆ ಅಲ್ಲಿ ಹೆಚ್ಚು ದಿನ ನಿಲ್ಲುವ ಕಾರಣವಿಲ್ಲ. ಹೀಗಾಗಿ ಮರಿಗಳು ಯಾರೂ ತೋರಿಸದ ದಾರಿಯಲ್ಲಿ, ಹಿಂದೆಂದೂ ಕಾಣದ ನಾಡಿಗೆ ತಾವೇ ಬರುತ್ತವೆ. ದಿಕ್ಕೂ ದೂರವೂ ಹುಟ್ಟಿನಿಂದಲೇ ಬಂದ ಅರಿವು.

ಈ ಸರದಿ ಗರಿಗಳಲ್ಲಿ ಓದಲು ಸಿಗುತ್ತದೆ. ಆಗಸ್ಟ್‌ನಲ್ಲಿ ಬರುವ ದೊಡ್ಡ ಹಕ್ಕಿಯ ಪುಕ್ಕ ಸವೆದು ಅಂಚು ಹರಿದಿರುತ್ತದೆ. ಬೇಸಿಗೆಯ ಕೆಂಪು, ಕಂದು, ಕಪ್ಪಿನ ನಡುವೆ ಹೊಸ ಬೂದು ಗರಿಗಳು ಅಲ್ಲಲ್ಲಿ ಮೂಡಿ ಮೈ ತೇಪೆ ಹಾಕಿದಂತಿರುತ್ತದೆ. ಸೆಪ್ಟೆಂಬರ್ ಕೊನೆಗೆ ಬರುವ ಮರಿಯ ಒಂದೊಂದು ಗರಿಯೂ ಹೊಸದು, ಒಂದೇ ಅಳತೆಯದು, ಅಂಚಿಗೆ ತಿಳಿಬಣ್ಣದ ಗೆರೆ. ಲಿಟ್ಲ್ ಸ್ಟಿಂಟ್ ಮರಿಯ ಬೆನ್ನಿನ ಮೇಲೆ ಎರಡು ಬಿಳಿ ಗೆರೆಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ನವೆಂಬರ್ ಮುಗಿಯುವ ಹೊತ್ತಿಗೆ ಎಲ್ಲವೂ ಗರಿ ಬದಲಿಸಿ ಒಂದೇ ಬೂದುಬಣ್ಣಕ್ಕೆ ಬರುತ್ತವೆ. ವಯಸ್ಸು ಹೇಳುವುದು ಪರಿಣತರಿಗೂ ಕಷ್ಟ. ಜನವರಿಯ ನೀರುಹಕ್ಕಿ ಗಣತಿಗಷ್ಟೇ ಕೆರೆಗೆ ಹೋಗುವವರು ಈ ಪಾಠವನ್ನು ಕಳೆದುಕೊಳ್ಳುತ್ತಾರೆ.

ಕೆರೆಯ ಇಳಿಜಾರು

ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ ಎಂಬುದು ರೂಢಿಯ ಲೆಕ್ಕ. ಇವುಗಳಲ್ಲಿ ಹೆಚ್ಚಿನವು ಮನುಷ್ಯರು ಕಟ್ಟಿದವು: ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯ ಬುಡದಲ್ಲಿ ತೂಬು, ಒಂದು ಬದಿಗೆ ಕೋಡಿ, ಕೆಳಗೆ ಅಚ್ಚುಕಟ್ಟು. ಇಂಥ ಕೆರೆಯಲ್ಲಿ ಆಳ ಇರುವುದು ಏರಿಯ ಹತ್ತಿರ. ಏರಿಯಿಂದ ದೂರ ಸರಿದಂತೆ ನೆಲ ನಿಧಾನವಾಗಿ ಏರುತ್ತ ಹೋಗಿ, ಹಳ್ಳ ಒಳಬರುವ ಕಡೆಯಲ್ಲಿ ನೀರಿಗೂ ನೆಲಕ್ಕೂ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಪ್ರತಿ ಮಳೆಯಲ್ಲಿ ಹರಿದುಬಂದ ನಯವಾದ ಗೋಡುಮಣ್ಣು ಕೂರುವುದೂ ಅಲ್ಲಿಯೇ. ಗೊರವಗಳ ಊಟದ ಎಡೆ ಅದು.

ರಸ್ತೆ ಹಾದುಹೋಗುವುದು ಮಾತ್ರ ಏರಿಯ ಮೇಲೆ. ಬಸ್ಸಿನಲ್ಲಿ ಹೋಗುವವರಿಗೂ ಕಾರು ನಿಲ್ಲಿಸಿ ಇಳಿಯುವವರಿಗೂ ಮೊದಲು ಕಾಣುವುದು ಆಳದ ನೀರು, ಅದರಲ್ಲಿ ತೇಲುವ ನಾಮಕೋಳಿ, ಬಾತು. ಗೊರವಗಳಿರುವ ಅಂಗಳ ಎದುರುದಂಡೆಯಲ್ಲಿ ಒಂದೆರಡು ಕಿ.ಮೀ. ದೂರದಲ್ಲಿ ಬಿಸಿಲಝಳಕ್ಕೆ ನಡುಗುತ್ತಿರುತ್ತದೆ. ಇಲ್ಲಿ ಹಕ್ಕಿಯೇ ಇಲ್ಲ ಎಂದು ಹಿಂದಿರುಗಿದವರ ಮಾತನ್ನು ನಂಬಬೇಕಾಗಿಲ್ಲ. ಅವರು ಕೆರೆಯ ಬೇರೆ ತುದಿಯಲ್ಲಿ ನಿಂತಿದ್ದರು.

ಅಂಗಳದಲ್ಲಿ ಯಾವ ಹಕ್ಕಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೀರಿನ ಆಳವೇ ತೀರ್ಮಾನಿಸುತ್ತದೆ. ನೀರು ಸರಿದು ಒಣಗತೊಡಗಿದ ನೆಲದಲ್ಲಿ ಟಿಟ್ಟಿಭ, ಪೆಸಿಫಿಕ್ ಗೋಲ್ಡನ್ ಪ್ಲೋವರ್. ಹೊಳೆಯುವ ಹಸಿ ಕೆಸರಿನಲ್ಲಿ ಲಿಟ್ಲ್ ರಿಂಗ್ಡ್ ಪ್ಲೋವರ್ ಮತ್ತು ಸ್ಟಿಂಟ್‌ಗಳು. ಎರಡು ಬೆರಳು ನೀರಿನಲ್ಲಿ ವುಡ್ ಸ್ಯಾಂಡ್‌ಪೈಪರ್, ರಫ್. ಅಂಗೈ ಮುಳುಗುವಷ್ಟು ನೀರಿನಲ್ಲಿ ಮಾರ್ಷ್ ಸ್ಯಾಂಡ್‌ಪೈಪರ್, ಹಸಿರುಗಾಲಿನ ಗೊರವ, ಗಾಡ್‌ವಿಟ್. ಅದರಾಚೆ ಮೆಟ್ಟುಗಾಲು ಹಕ್ಕಿ. ನೀರು ಗೇಣುದ್ದ ಏರಿದರೆ ಈ ಇಡೀ ಸಾಲು ನೂರಾರು ಅಡಿ ಹಿಂದೆ ಸರಿಯುತ್ತದೆ. ಕೆರೆ ಕೋಡಿ ಬಿದ್ದು ನೀರು ಜಾಲಿಗಿಡಗಳ ಬುಡ ಮುಟ್ಟಿದರೆ ಸಾಲೇ ಮಾಯ. ರೈತನಿಗೂ ಊರಿಗೂ ಸಂತೋಷ ಕೊಡುವ ತುಂಬಿದ ಕೆರೆ ಗೊರವಗಳಿಗೆ ಕದ ಹಾಕಿದ ಮನೆ.

ಆದ್ದರಿಂದ ಬಯಲುಸೀಮೆಯಲ್ಲಿ ಶರತ್ಕಾಲದ ಗೊರವ ವೀಕ್ಷಣೆ ತಿಂಗಳ ಲೆಕ್ಕಕ್ಕಿಂತ ಮಳೆಯ ಲೆಕ್ಕದ ಮೇಲೆ ನಿಂತಿದೆ. ಉತ್ತರೆ, ಹಸ್ತ ಮಳೆಗಳು ಸಾಧಾರಣವಾಗಿದ್ದರೆ ಅಕ್ಟೋಬರ್ ಮೊದಲ ವಾರದಲ್ಲಿ ಅಂಗಳದ ಅರ್ಧ ತೆರೆದಿರುತ್ತದೆ. ಚಿತ್ತೆ, ಸ್ವಾತಿಯಲ್ಲಿ ಹಿಂಗಾರು ಜೋರಾದರೆ ಎರಡೇ ದಿನದಲ್ಲಿ ಮುಚ್ಚಿಹೋಗುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಅಂಥ ವರ್ಷದಲ್ಲಿ ಸಣ್ಣ ಕೆರೆಗಳು ಹಕ್ಕಿ ಬರುವ ಮೊದಲೇ ಬಿರುಕು ಬಿಟ್ಟಿರುತ್ತವೆ, ದೊಡ್ಡ ಕೆರೆಗಳು ಸೆಪ್ಟೆಂಬರ್‌ನಲ್ಲೇ ಅಂಗಳ ತೋರಿಸುತ್ತವೆ. ಒಂದು ಕೆರೆಯನ್ನೇ ನಂಬಿ ಕೂರುವ ಹಕ್ಕಿಯೂ ಇಲ್ಲ, ಕೂರಬೇಕಾದ ವೀಕ್ಷಕನೂ ಇಲ್ಲ. ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿಗಳು ಇನ್ನೂ ಉಳಿದಿರುವ ಊರಾದರೆ ಅವರನ್ನು ಮಾತನಾಡಿಸುವುದು ಯಾವ ಹವಾಮಾನ ವರದಿಗಿಂತಲೂ ಮೇಲು. ತೂಬು ಎತ್ತಿ ಎಷ್ಟು ದಿನವಾಯಿತು, ಹಳ್ಳದ ಕಡೆ ಕಾಲು ಹೂಳುತ್ತದೆಯೇ ಎಂಬುದು ಅವರಿಗೆ ಗೊತ್ತು.

ತುಂಗಭದ್ರಾ, ಆಲಮಟ್ಟಿಯಂಥ ದೊಡ್ಡ ಜಲಾಶಯಗಳ ಹಿನ್ನೀರಿನ ಕಾಲಚಕ್ರ ಬೇರೆ. ಒಳ್ಳೆಯ ಮಳೆಯ ವರ್ಷದಲ್ಲಿ ಅವು ತುಂಬಿ ನಿಲ್ಲುವುದೇ ಆಗಸ್ಟ್‌ನಿಂದ ಅಕ್ಟೋಬರ್ ತನಕ. ಅಲ್ಲಿ ಅಂಗಳ ತೆರೆದುಕೊಳ್ಳುವುದು ಸಂಕ್ರಾಂತಿಯ ಆಚೆಗೆ. ಹಾಗಾದರೆ ಕೆರೆಗಳೂ ಜಲಾಶಯಗಳೂ ತುಂಬಿರುವ ಆ ವಾರಗಳಲ್ಲಿ ಹಕ್ಕಿಗಳು ಎಲ್ಲಿ ಮೇಯುತ್ತವೆ? ಉತ್ತರದ ದೊಡ್ಡ ಪಾಲು ಭತ್ತದ ಗದ್ದೆಯಲ್ಲಿದೆ. ಕಾವೇರಿ ಮತ್ತು ತುಂಗಭದ್ರಾ ನಾಲೆಗಳ ಕೆಳಗೆ ಜುಲೈ, ಆಗಸ್ಟ್‌ನಲ್ಲಿ ಕೆಸರು ಮಾಡಿ ನಾಟಿ ಹಾಕಿದ ಗದ್ದೆಗಳು ತಾತ್ಕಾಲಿಕ ಕೆರೆಯಂಗಳಗಳೇ. ವುಡ್ ಸ್ಯಾಂಡ್‌ಪೈಪರ್ ಮತ್ತು ಉಲ್ಲಂಕಿಗಳಿಗೆ ಅವು ಬಲು ಇಷ್ಟ. ಪೈರು ಮೊಳಕಾಲೆತ್ತರ ಬೆಳೆದ ಮೇಲೆ ಉಲ್ಲಂಕಿ ಅಲ್ಲೇ ಉಳಿಯುತ್ತದೆ, ಉಳಿದವು ಕೆರೆಗೆ ಸರಿಯುತ್ತವೆ.

ಕೆಸರಿನಲ್ಲಿ ಏನಿದೆ

ಮೇಲ್ನೋಟಕ್ಕೆ ಬರಿದಾಗಿ ಕಾಣುವ ಕೆಸರು ಜೀವಿಗಳಿಂದ ಕಿಕ್ಕಿರಿದಿರುತ್ತದೆ. ಮುಖ್ಯ ಆಹಾರ, ಕಚ್ಚದ ಸೊಳ್ಳೆ ಜಾತಿಯಾದ ಕೈರೊನೊಮಿಡ್ ನೊಣಗಳ ಮರಿಹುಳುಗಳು. ಆಮ್ಲಜನಕ ತೀರ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಇವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಅದರಿಂದಲೇ ರಕ್ತಗೆಂಪು ಬಣ್ಣ. ಜೊತೆಗೆ ಎರೆಹುಳುವಿನ ಸಂಬಂಧಿಗಳು, ನೀರುಜೀರುಂಡೆಗಳು, ಸಣ್ಣ ಬಸವನಹುಳುಗಳು. ದನ, ಎಮ್ಮೆ ನೀರಿಗಿಳಿಯುವ ಕಡೆ ಸಗಣಿ ಬಿದ್ದು ಹುಳು ಹೆಚ್ಚುತ್ತದೆ. ಗೊರಸು ಊರಿದ ಗುಂಡಿಗಳಲ್ಲಿ ನೀರು ನಿಂತು ಟೆಮ್ಮಿಂಕ್ಸ್ ಸ್ಟಿಂಟ್‌ನಂಥ ಸಣ್ಣ ಹಕ್ಕಿಗೆ ಮೇವಿನ ತೊಟ್ಟಿಗಳಾಗುತ್ತವೆ. ದನ ಮೇಯುವ ಕೆರೆ ಕೆಟ್ಟ ಕೆರೆ ಎಂಬ ನಗರದವರ ತೀರ್ಪು ಗೊರವಗಳ ಮಟ್ಟಿಗೆ ನಿಲ್ಲುವುದಿಲ್ಲ.

ಇದೇ ಆಹಾರವನ್ನು ಹಕ್ಕಿಗಳು ಎರಡು ವಿಧಾನಗಳಲ್ಲಿ ಹಿಡಿಯುತ್ತವೆ. ಪ್ಲೋವರ್‌ಗಳು ಕಣ್ಣನ್ನು ನಂಬಿದವು: ದೊಡ್ಡ ಕಣ್ಣು, ಗಿಡ್ಡ ಕೊಕ್ಕು, ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಒಮ್ಮೆ ಕುಕ್ಕುತ್ತವೆ, ಮತ್ತೆ ಓಡುತ್ತವೆ. ಗಾಡ್‌ವಿಟ್ ಮತ್ತು ಉಲ್ಲಂಕಿಗಳು ಕೊಕ್ಕಿನ ಸ್ಪರ್ಶವನ್ನು ನಂಬಿದವು. ಇವುಗಳ ಕೊಕ್ಕಿನ ತುದಿಯಲ್ಲಿ ನರತುದಿಗಳ ದಟ್ಟಣೆಯಿದೆ. ಉಳಿದ ಕೊಕ್ಕು ಮುಚ್ಚಿದ್ದಂತೆಯೇ ಮೇಲ್ಗೊಕ್ಕಿನ ತುದಿಯನ್ನಷ್ಟೇ ಮೇಲೆತ್ತಿ ಕೆಸರಿನಾಳದಲ್ಲೇ ಹುಳುವನ್ನು ಹಿಡಿಯಬಲ್ಲವು. ಸ್ಪರ್ಶಕ್ಕೆ ಬೆಳಕು ಬೇಡವಾದ್ದರಿಂದ ಬೆಳದಿಂಗಳಿಲ್ಲದ ರಾತ್ರಿಯಲ್ಲೂ ಇವುಗಳ ಊಟ ನಡೆಯುತ್ತದೆ. ಲಿಟ್ಲ್ ಸ್ಟಿಂಟ್‌ನ ಕೊಕ್ಕು 2 ಸೆಂ.ಮೀ.ಗೂ ಕಡಿಮೆ, ಅದು ಆಳಕ್ಕೆ ಇಳಿಯದೆ ಮೇಲ್ಪದರವನ್ನೇ ಹೊಲಿಗೆ ಹಾಕುವ ವೇಗದಲ್ಲಿ ಚುಚ್ಚುತ್ತ ಸಾಗುತ್ತದೆ. ಒಂದೇ ಅಂಗಳದಲ್ಲಿ ಹತ್ತು ಪ್ರಭೇದಗಳು ಜಗಳವಿಲ್ಲದೆ ಮೇಯುವುದಕ್ಕೆ ಕೊಕ್ಕು, ಕಾಲುಗಳ ಈ ಅಳತೆಯ ವ್ಯತ್ಯಾಸ ದೊಡ್ಡ ಕಾರಣ.

ಗುರುತು ಹಿಡಿಯುವುದು

ಬೂದು ಬೆನ್ನು, ಬಿಳಿ ಹೊಟ್ಟೆ. ಚಳಿಗಾಲದ ಗೊರವಗಳಲ್ಲಿ ಮುಕ್ಕಾಲು ಪಾಲಿಗೆ ಈ ವರ್ಣನೆ ಹೊಂದುತ್ತದೆ, ಹೊಸಬರು ಕೈಚೆಲ್ಲುವುದೂ ಇಲ್ಲಿಯೇ. ಬಣ್ಣವನ್ನು ಕೊನೆಗಿಟ್ಟು ಗಾತ್ರ, ಕೊಕ್ಕಿನ ಉದ್ದ, ನಡಿಗೆ, ಹಾರುವಾಗಿನ ರೆಕ್ಕೆಬಾಲದ ಗುರುತು, ಕೂಗು ಇವನ್ನು ಮೊದಲು ಗಮನಿಸಿದರೆ ದಾರಿ ಸುಲಭ.

ನಮ್ಮ ಕೆರೆಗಳಲ್ಲಿ ದಿನವೂ ಎದುರಾಗುವ ತ್ರಿವಳಿಯಿಂದ ಆರಂಭಿಸುವುದು ಒಳ್ಳೆಯದು. ಕಾಮನ್ ಸ್ಯಾಂಡ್‌ಪೈಪರ್ ಒಂಟಿ. ಏರಿಯ ಕಲ್ಲುಗಳ ಮೇಲೂ ಇರುತ್ತದೆ. ಹಿಂಬದಿಯನ್ನು ಸದಾ ಕುಣಿಸುತ್ತಿರುತ್ತದೆ, ಎದೆಯ ಬಿಳಿ ಭುಜದ ಮುಂದೆ ಮೇಲಕ್ಕೆ ಚಾಚಿರುತ್ತದೆ, ಹಾರುವಾಗ ರೆಕ್ಕೆಗಳನ್ನು ಕೆಳಗೆ ಬಾಗಿಸಿ ನೀರಿಗೆ ತಾಗಿದಂತೆ ಬಿಟ್ಟು ಬಿಟ್ಟು ಬಡಿಯುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಹಳ್ಳದ ಮರೆಯನ್ನು ಬಯಸುವ ಅಂಜುಬುರುಕ; ಕಪ್ಪೆನ್ನಿಸುವಷ್ಟು ಗಾಢ ಬೆನ್ನು, ಎದ್ದು ಹಾರಿದಾಗ ಥಟ್ಟನೆ ತೋರುವ ಬಿಳಿ ಸೊಂಟ, ರೆಕ್ಕೆಯ ಒಳಮೈ ಕೂಡ ಕಪ್ಪು. ಗೊರವಗಳ ರೂಢಿ ಮೀರಿ ಇದು ಮರದ ಮೇಲೆ, ಥ್ರಶ್ ಮೊದಲಾದ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ವುಡ್ ಸ್ಯಾಂಡ್‌ಪೈಪರ್ ತೆರೆದ ಅಂಗಳದಲ್ಲಿ ಚದುರಿದ ಗುಂಪಾಗಿ ಮೇಯುತ್ತದೆ. ಬೆನ್ನಿನ ತುಂಬ ತಿಳಿ ಚುಕ್ಕೆ, ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು, ರೆಕ್ಕೆಯ ಒಳಮೈ ತಿಳಿಬಣ್ಣ. ಎದ್ದರೆ ಚಿಫ್-ಇಫ್-ಇಫ್ ಎಂದು ಕೂಗಿ ಇಡೀ ಕೆರೆಗೆ ಸುದ್ದಿ ಮುಟ್ಟಿಸುತ್ತದೆ.

ಎರಡು ಸ್ಟಿಂಟ್‌ಗಳದು ಇನ್ನೊಂದು ಪರೀಕ್ಷೆ. ಪುಸ್ತಕಗಳು ಲಿಟ್ಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮ್ಮಿಂಕ್ಸ್ ಸ್ಟಿಂಟ್‌ಗೆ ಹಳದಿ ಕಾಲು ಎನ್ನುತ್ತವೆ. ಸರಿಯೇ. ಆದರೆ ಕೆಸರು ಮೆತ್ತಿದ ಮೇಲೆ ಎರಡರ ಕಾಲೂ ಒಂದೇ ಬಣ್ಣ. ನಡತೆ ಹೆಚ್ಚು ನಂಬಿಗಸ್ತ: ಲಿಟ್ಲ್ ಸ್ಟಿಂಟ್ ಗುಂಪಿನಲ್ಲಿ, ತೆರೆದ ಕೆಸರಿನಲ್ಲಿ, ಅವಸರದಲ್ಲಿ ಓಡಾಡುತ್ತದೆ; ಟೆಮ್ಮಿಂಕ್ಸ್ ಹುಲ್ಲಿನ ಅಂಚು ಹಿಡಿದು ಮೈ ನೆಲಕ್ಕೊತ್ತಿ ತೆವಳುವಂತೆ ಸಾಗುತ್ತದೆ, ಬೆನ್ನೂ ಎದೆಯೂ ಮಂಕು ಕಂದುಬೂದು, ಹಾರುವಾಗ ಬಾಲದ ಅಂಚು ಬಿಳಿ. ಟೆಮ್ಮಿಂಕ್ಸ್‌ನ ಸಂಸಾರವೂ ವಿಚಿತ್ರ. ಹೆಣ್ಣು ಒಂದು ಗೂಡಿನ ಮೊಟ್ಟೆಗಳನ್ನು ಗಂಡಿಗೆ ಒಪ್ಪಿಸಿ, ಇನ್ನೊಂದು ಗೂಡಿನಲ್ಲಿ ಇಟ್ಟ ಮೊಟ್ಟೆಗಳಿಗೆ ತಾನೇ ಕಾವು ಕೊಡುತ್ತದೆ.

ರಫ್ ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಹಕ್ಕಿ. ಗಂಡು ಹೆಣ್ಣಿಗಿಂತ ಎಷ್ಟು ದೊಡ್ಡದೆಂದರೆ ಒಂದೇ ಗುಂಪಿನಲ್ಲಿ ಎರಡು ಪ್ರಭೇದಗಳಿವೆ ಎಂದು ಭಾಸವಾಗುತ್ತದೆ. ಕಾಲಿನ ಬಣ್ಣ ಹಸಿರು, ಹಳದಿ, ಕಿತ್ತಳೆ ಯಾವುದೂ ಆಗಬಹುದು. ಸಣ್ಣ ತಲೆ, ಉದ್ದ ಕತ್ತು, ತುಸು ಡೊಳ್ಳು ಹೊಟ್ಟೆ ಇವೇ ಆಧಾರ. ಬೇಸಿಗೆಯಲ್ಲಿ ಗಂಡಿನ ಕುತ್ತಿಗೆಗೆ ಬೆಳೆಯುವ ಗರಿಗಳ ದೊಡ್ಡ ಪಟ್ಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಉದುರಿಹೋಗಿರುತ್ತದೆ. ಇವುಗಳ ಗಂಡುಗಳಲ್ಲಿ ಮೂರು ವಂಶಪಾರಂಪರ್ಯ ಬಗೆಗಳಿವೆ. ಅದರಲ್ಲಿ ಒಂದು ಹೆಣ್ಣಿನ ವೇಷದಲ್ಲೇ ಬದುಕುತ್ತದೆ, ಅದನ್ನು ವಿಜ್ಞಾನಿಗಳು ವರ್ಣಿಸಿದ್ದು 2006ರಲ್ಲಷ್ಟೇ.

ದೊಡ್ಡವುಗಳಲ್ಲಿ ತೊಡಕು ಕಡಿಮೆ. ಹಸಿರುಗಾಲಿನ ಗೊರವದ ಕೊಕ್ಕು ತುಸು ಮೇಲಕ್ಕೆ ಬಾಗಿದೆ, ಟ್ಯೂ-ಟ್ಯೂ-ಟ್ಯೂ ಎಂಬ ಮೂರು ಸ್ವರದ ಕೂಗು ಅರ್ಧ ಮೈಲಿ ಕೇಳುತ್ತದೆ. ಕೆಂಗಾಲಿನ ಗೊರವ ಹಾರಿದಾಗ ರೆಕ್ಕೆಯ ಹಿಂದಿನ ಅಂಚಿನ ಅಗಲ ಬಿಳಿಪಟ್ಟಿ ಕಾಣುತ್ತದೆ. ಗಾಡ್‌ವಿಟ್‌ಗೆ ನೀಳವಾದ ನೇರ ಕೊಕ್ಕು, ರೆಕ್ಕೆಯಲ್ಲಿ ಬಿಳಿಪಟ್ಟಿ, ಬಾಲದ ತುದಿ ಕಪ್ಪು. ಉಲ್ಲಂಕಿಗಳ ವಿಷಯದಲ್ಲಿ ಮಾತ್ರ ವಿನಯ ಅಗತ್ಯ: ಕಾಮನ್ ಸ್ನೈಪ್ ಮತ್ತು ಪಿನ್‌ಟೇಲ್ ಸ್ನೈಪ್‌ಗಳನ್ನು ಕೂತಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಹಾರಿದಾಗ ರೆಕ್ಕೆಯ ಹಿಂಬದಿಯ ಬಿಳಿ ಅಂಚು ಕಾಣದಿದ್ದರೆ ಬರಿದೆ ಉಲ್ಲಂಕಿ ಎಂದು ಬರೆದುಕೊಳ್ಳುವುದೇ ಪ್ರಾಮಾಣಿಕ ದಾಖಲೆ.

ಗುಂಪಿನಲ್ಲಿ ವಲಸೆ ಬಾರದ ಊರಿನವೂ ಇರುತ್ತವೆ. ಟಿಟ್ಟಿಭ ವರ್ಷವಿಡೀ ಇಲ್ಲಿನದು, ಅಪಾಯ ಕಂಡರೆ ಮೊದಲು ಕಿರುಚಿ ಎಲ್ಲವನ್ನೂ ಎಬ್ಬಿಸುವ ಕಾವಲುಗಾರ. ಮೆಟ್ಟುಗಾಲು ಹಕ್ಕಿ ನಮ್ಮ ಕೆರೆಗಳಲ್ಲೂ ಮರಿಮಾಡುತ್ತದೆ, ನೀರು ಹುಡುಕಿಕೊಂಡು ಊರಿಂದೂರಿಗೆ ಅಲೆಯುತ್ತದೆ. ಜೊಂಡಿನಲ್ಲಿ ಅಡಗಿರುವ ಪೇಂಟೆಡ್ ಸ್ನೈಪ್ ಕೂಡ ಇಲ್ಲಿಯದೇ. ಅದರಲ್ಲಿ ಬಣ್ಣ ಹೆಣ್ಣಿಗೆ, ಕಾವು ಕೊಡುವ ಕೆಲಸ ಗಂಡಿಗೆ.

ನೋಡುವ ಕ್ರಮ

ಸೂರ್ಯನಿಗೆ ಬೆನ್ನು ಕೊಟ್ಟು ಕೂರುವುದು ಮೊದಲ ನಿಯಮ. ಎದುರುಬೆಳಕಿನಲ್ಲಿ ಹೊಳೆಯುವ ಕೆಸರಿನ ಮೇಲೆ ಎಲ್ಲ ಗೊರವಗಳೂ ಕರಿ ನೆರಳುಗಳು. ಹಳ್ಳದ ಕಡೆಯ ಅಂಗಳ ಏರಿಯ ಯಾವ ದಿಕ್ಕಿಗಿದೆ ಎಂದು ನಕ್ಷೆಯಲ್ಲಿ ಮೊದಲೇ ನೋಡಿಕೊಂಡು ಬೆಳಗಿಗೆ ಯಾವ ಕೆರೆ, ಸಂಜೆಗೆ ಯಾವ ಕೆರೆ ಎಂದು ನಿರ್ಧರಿಸಬೇಕು. ಒಂಬತ್ತೂವರೆ, ಹತ್ತರ ಮೇಲೆ ಝಳ ಎದ್ದು ದೂರದ ಹಕ್ಕಿಯ ಗೆರೆಗಳೆಲ್ಲ ಕಲಸಿಹೋಗುತ್ತವೆ. 8x42 ದುರ್ಬೀನು ಹತ್ತಿರದ ಹಕ್ಕಿಗೆ ಸಾಕು. ಎದುರುದಂಡೆಗೆ ಮೂರುಕಾಲಿನ ಮೇಲೆ ನಿಲ್ಲಿಸಿದ ಸ್ಪಾಟಿಂಗ್ ಸ್ಕೋಪ್ ಇಲ್ಲದೆ ಕೆಲಸ ನಡೆಯದು. ಸ್ಕೋಪ್ ದುಬಾರಿ, ನಾಲ್ಕು ಜನ ಸೇರಿ ಒಂದನ್ನು ಕೊಳ್ಳುವುದು ಜಾಣತನ.

ಹಕ್ಕಿಯತ್ತ ನಡೆಯುವ ಬದಲು ಹಕ್ಕಿ ಬರುವ ಕಡೆ ಮೊದಲೇ ಹೋಗಿ ಕುಳಿತರೆ ಫಲ ಹೆಚ್ಚು. ಮೇಯುತ್ತ ಬರುವ ಸ್ಟಿಂಟ್‌ಗಳು ಅಲುಗದೆ ಕುಳಿತವರ ಹತ್ತು ಹೆಜ್ಜೆಯೊಳಗೆ ಹಾದುಹೋಗುವುದುಂಟು. ಆಗ ಕೊಕ್ಕಿನ ತುದಿಯಿಂದ ಕೆಂಪು ಹುಳು ಎಳೆದು ಬರುವುದು, ಅದನ್ನು ನೀರಲ್ಲಿ ಅದ್ದಿ ತೊಳೆಯುವುದು, ಪಕ್ಕದ ಹಕ್ಕಿ ಕಸಿಯಲು ನುಗ್ಗಿದರೆ ರೆಕ್ಕೆ ಅರೆಬಿಚ್ಚಿ ಬೆನ್ನು ತಿರುಗಿಸುವುದು ಬರಿಗಣ್ಣಿಗೇ ಕಾಣುತ್ತದೆ. ಇಷ್ಟರಲ್ಲಿ ಇಡೀ ಅಂಗಳ ಒಮ್ಮೆಗೇ ಎದ್ದರೆ ತಲೆಯೆತ್ತಿ ಆಕಾಶ ನೋಡಬೇಕು: ವಲಸೆಯ ಜೊತೆಗೇ ಬರುವ ಮಾರ್ಷ್ ಹ್ಯಾರಿಯರ್ ಎಂಬ ಸೆಳೆವ ಜೊಂಡಿನ ಮೇಲೆ ತೇಲುತ್ತಿರುತ್ತದೆ, ಅಪರೂಪಕ್ಕೆ ಪೆರಿಗ್ರಿನ್ ಚಾಣ. ಹಕ್ಕಿ ಎದ್ದ ಕ್ಷಣವೇ ಎಣಿಸಲು ತಕ್ಕ ಸಮಯ. ಹತ್ತು ಹಕ್ಕಿಗಳ ಗುಂಪು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಿಗೆ ರೂಢಿಸಿಕೊಂಡು, ಆ ಅಳತೆಯನ್ನು ಇಡೀ ಗುಂಪಿನ ಮೇಲೆ ಹರಡಿದರೆ ಅಂದಾಜು ಸಿಗುತ್ತದೆ.

ಒಳ್ಳೆಯ ಫೋಟೊಗಾಗಿ ಹಕ್ಕಿಗಳನ್ನು ಓಡಿಸಿ ಹಾರಿಸುವ ಚಾಳಿ ಈಚೆಗೆ ಬೆಳೆದಿದೆ. ದೂರದಿಂದ ಬಂದು ಮೈಯ ಕೊಬ್ಬನ್ನೆಲ್ಲ ಕರಗಿಸಿಕೊಂಡ ಹಕ್ಕಿಗೆ ಒಂದೊಂದು ಹಾರಾಟವೂ ಖರ್ಚು. ಈ ಚಾಳಿಯನ್ನು ಅಜ್ಞಾನ ಎನ್ನುವ ಕಾಲ ಮುಗಿದಿದೆ, ಕ್ರೌರ್ಯ ಎನ್ನಬೇಕು.

ತಾಣಗಳು ಮತ್ತು ದಾಖಲೆ

ಮೈಸೂರು ಸಂಸ್ಥಾನದ ಹಕ್ಕಿಗಳ ಮೊದಲ ವ್ಯವಸ್ಥಿತ ಸಮೀಕ್ಷೆಯನ್ನು ಸಲೀಂ ಅಲಿ 1939-40ರಲ್ಲಿ ನಡೆಸಿದರು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1942-43ರಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಕನ್ನಡ ಓದುಗರ ಕಣ್ಣನ್ನು ಹಕ್ಕಿಗಳತ್ತ ತಿರುಗಿಸಿದವರಲ್ಲಿ ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ಏಷ್ಯನ್ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಈಗ ಇ-ಬರ್ಡ್ ಎಂಬ ಜಾಲತಾಣದ ಮೂಲಕ ಯಾರು ಬೇಕಾದರೂ ವರ್ಷದ ಯಾವುದೇ ದಿನದ ಪಟ್ಟಿ ಸೇರಿಸಬಹುದಾದ್ದರಿಂದ ಆಗಸ್ಟ್‌ನಿಂದ ನವೆಂಬರ್ ತನಕದ ಕತ್ತಲೆ ಸ್ವಲ್ಪ ಸ್ವಲ್ಪವೇ ಕರಗುತ್ತಿದೆ.

ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳೆಂದು ಗುರುತಿಸಲಾದ ರಾಜ್ಯದ ನಾಲ್ಕು ರಾಮ್‌ಸರ್ ತಾಣಗಳಲ್ಲಿ ರಂಗನತಿಟ್ಟು 2022ರಲ್ಲಿ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಕುಮಟೆಯ ಅಘನಾಶಿನಿ ಅಳಿವೆ 2024ರಲ್ಲಿ ಪಟ್ಟಿ ಸೇರಿದವು. ಮಾಗಡಿಯ ಹೆಸರು ಹೆಬ್ಬಾತುಗಳಿಂದ, ಅಂಕಸಮುದ್ರದ ಹೆಸರು ಮರಗಳ ಮೇಲೆ ಗೂಡುಕಟ್ಟುವ ಹಕ್ಕಿಗಳಿಂದ. ಗೊರವಗಳ ದೃಷ್ಟಿಯಿಂದ ನಾಲ್ಕರಲ್ಲಿ ಗಮನಾರ್ಹವಾದುದು ಅಘನಾಶಿನಿ. ಅಲ್ಲಿ ಅಂಗಳವನ್ನು ತೆರೆದು ಮುಚ್ಚುವುದು ಕಡಲ ಭರತ ಇಳಿತ. ಬಳಚು ಆಯುವ ಹೆಂಗಸರೂ ಗೊರವಗಳೂ ಇಳಿತದ ಅದೇ ಹೊತ್ತಿಗೆ ಅದೇ ಕೆಸರಿಗೆ ಇಳಿಯುತ್ತಾರೆ. ಬಯಲುಸೀಮೆಯಲ್ಲಿ ಹೊಸಕೋಟೆಯ ದೊಡ್ಡಕೆರೆ, 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ರೂಪಿಸಿದ ಹೆಸರಘಟ್ಟ ಕೆರೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ವೀಕ್ಷಕರಿಗೆ ಪರಿಚಿತ. ಹೆಸರಿಲ್ಲದ ನೂರಾರು ಊರಕೆರೆಗಳು ಇವಕ್ಕಿಂತ ಕಡಿಮೆಯೇನಲ್ಲ. ಅಲ್ಲಿ ಯಾರೂ ನೋಡಿಲ್ಲ, ಅಷ್ಟೇ.

ಅಳಿವಿನ ಕಾರಣಗಳು

ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023 ವರದಿ ಆರ್ಕ್‌ಟಿಕ್‌ನಲ್ಲಿ ಮರಿಮಾಡಿ ಇಲ್ಲಿಗೆ ಬರುವ ಗೊರವಗಳು ತೀವ್ರವಾಗಿ ಇಳಿಮುಖವಾಗಿವೆ ಎಂದು ಎಚ್ಚರಿಸಿದೆ. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ಕೆಂಪುಪಟ್ಟಿ ಪರಿಷ್ಕರಣೆಯಾದಾಗ 16 ವಲಸೆ ಗೊರವಗಳು ಇನ್ನಷ್ಟು ಅಪಾಯದ ದರ್ಜೆಗೆ ಸರಿದವು; ಭಾರತಕ್ಕೆ ಬರುವ ಗ್ರೇ ಪ್ಲೋವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ಅವುಗಳಲ್ಲಿ ಸೇರಿವೆ. ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್ ಅಪಾಯದ ಸಮೀಪದ ದರ್ಜೆಯಲ್ಲಿದೆ. ತಂಡ್ರಾ ಬಿಸಿಯಾಗುತ್ತಿರುವುದು, ದಾರಿಯ ತಂಗುದಾಣಗಳು ಕಟ್ಟಡಗಳಿಗೆ ಹೋಗಿರುವುದು ನಮ್ಮ ಕೈಮೀರಿದ ಕಾರಣಗಳು. ನಮ್ಮ ಕೈಯಲ್ಲೇ ಇರುವ ಕಾರಣ ಕೆರೆಯ ಅಂಚು.

ಈ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಜಿಲ್ಲಾ ಕೇಂದ್ರಗಳಿಗೂ ಹಬ್ಬಿದ ಕೆರೆ ಅಭಿವೃದ್ಧಿಯ ಮಾದರಿ ಹೆಚ್ಚುಕಡಿಮೆ ಒಂದೇ: ಹೂಳನ್ನೆಲ್ಲ ಅಂಚಿನ ತನಕ ಒಂದೇ ಸಮ ತೆಗೆದು, ಸುತ್ತ ಕಡಿದಾದ ದಂಡೆ ಕಟ್ಟಿ, ಕಲ್ಲು ಹಾಸಿ, ಮೇಲೆ ವಾಯುವಿಹಾರದ ದಾರಿ ಮಾಡುವುದು. ಇಳಿಜಾರಿನ ಕೆರೆ ಬೋಗುಣಿಯಾಗುತ್ತದೆ. ಅದರಲ್ಲಿ ನೀರು ನಿಲ್ಲುತ್ತದೆ, ನಾಮಕೋಳಿ, ನೀರುಕಾಗೆ ಹೆಚ್ಚುತ್ತವೆ, ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ. ಎರಡು ಬೆರಳು ನೀರಿನ ಜಾಗ ಮಾತ್ರ ಸುತ್ತಳತೆಯಲ್ಲೆಲ್ಲೂ ಉಳಿಯುವುದಿಲ್ಲ. ಅಭಿವೃದ್ಧಿಯ ನಂತರ ಹಕ್ಕಿಗಳು ಹೆಚ್ಚಿದವು ಎಂಬ ವರದಿಗಳನ್ನು ಓದುವಾಗ ಯಾವ ಹಕ್ಕಿಗಳು ಎಂದು ಕೇಳಬೇಕು. ಹೂಳೆತ್ತುವುದೇ ತಪ್ಪೆಂದು ಇದರರ್ಥವಲ್ಲ. ಕೆರೆಗೋಡನ್ನು ಎತ್ತಿ ಹೊಲಕ್ಕೆ ಹಾಕಿಕೊಳ್ಳುವುದು ರೈತರ ಹಳೆಯ ರೂಢಿ. ಆದರೆ ಆಳ ಮಾಡುವುದು ಏರಿಯ ಕಡೆ ಸಾಕು.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಆರಂಭವಾದ ಮೇಲೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬೇಸಿಗೆಗೆ ಒಣಗುತ್ತಿದ್ದ ಕೆರೆಗಳಲ್ಲಿ ಈಗ ವರ್ಷವಿಡೀ ನೀರು. ಕೊಳವೆಬಾವಿಗಳ ದೃಷ್ಟಿಯಿಂದ ಇದನ್ನು ಅಳೆಯುವ ವರದಿಗಳಿವೆ. ಏರಿಳಿತವೇ ಇಲ್ಲದ ನೀರಿನಂಚಿನಲ್ಲಿ ಕೆಸರಿನ ಬದಲು ಜೊಂಡು, ವಾಟರ್ ಹಯಸಿಂತ್ ಬೆಳೆಯುತ್ತದೆ ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು. ಇದರ ಜೊತೆಗೆ ಅಂಗಳಕ್ಕೆ ನುಗ್ಗುವ ಬಳ್ಳಾರಿ ಜಾಲಿ, ಇಟ್ಟಿಗೆಗೂಡಿಗೆ ಮಣ್ಣು ಬಗೆಯುವುದು, ಬೀದಿನಾಯಿಗಳ ಹಿಂಡು, ಅಲ್ಲಲ್ಲಿ ಇನ್ನೂ ನಿಲ್ಲದ ಬಲೆ. ಕಾಡುಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಚನ್ನು ಕಡಿದಾಗಿಸುವುದಕ್ಕೆ ಮಾತ್ರ ಟೆಂಡರ್ ಕರೆಯುತ್ತಾರೆ.

ಮಧ್ಯ ಏಷ್ಯಾ ಪಥದ ವಲಸೆ ಹಕ್ಕಿಗಳಿಗಾಗಿ ಭಾರತ 2018ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು, 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಒಪ್ಪಂದದ ಸಮ್ಮೇಳನವನ್ನೂ ನಡೆಸಿತು. ಊರಕೆರೆಯ ಮಟ್ಟಕ್ಕೆ ಅವು ಇಳಿಯಬೇಕಾದರೆ ಅಲ್ಲಿನ ಅಂಕಿಅಂಶ ಬೇಕು. ಆದ್ದರಿಂದ ನಿಮ್ಮೂರಿನ ಕೆರೆಗೆ ಹೋದಾಗ ಹಕ್ಕಿಗಳ ಪಟ್ಟಿಯ ಜೊತೆಗೆ ಆ ದಿನ ನೀರು ಎಲ್ಲಿಯವರೆಗೆ ನಿಂತಿತ್ತು, ಕೆಸರು ಎಷ್ಟು ತೆರೆದಿತ್ತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ. ಒಂದೂ ಗೊರವ ಕಾಣದ ದಿನದ ಪಟ್ಟಿಯನ್ನೂ ದಾಖಲಿಸಿ.